ಸಮ್ಮೇಳನಕ್ಕೆ ಮೊದಲ ಸಲ ಪ್ರತಿನಿಧಿಯಾಗಿ ಹೋಗ್ತಿದ್ದೀನಿ. ಅಲ್ಲಿ ನಿಜವಾಗ್ಲೂ ಏನಾದ್ರೂ ತೀರ್ಮಾನ ಆಗುತ್ತಾ?

ಹೊಸ_ಪ್ರತಿನಿಧಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಘಟಕದ ಸರ್ವಸದಸ್ಯರ ಸಭೆಯಲ್ಲಿ ನನ್ನನ್ನು ಸಂಘದ ಸಮ್ಮೇಳನಕ್ಕೆ ಪ್ರತಿನಿಧಿ ಅಂತ ಆರಿಸಿದ್ರು. ಚೀಟಿ ಹಾಕಿ ಆರಿಸಿದ್ದು, ಹನ್ನೊಂದು ಮತದ ಅಂತರ. ಖುಷಿ ಆಗಿತ್ತು. ನಿನ್ನೆ ಕೇಂದ್ರ ಕಚೇರಿಯಿಂದ ಕಾಗದದ ಕಟ್ಟು ಬಂತು ನೋಡಿ, ಖುಷಿ ಇಳೀತು. ಪ್ರಧಾನ ಕಾರ್ಯದರ್ಶಿಗಳ ವರದಿ 140 ಪುಟ, ಲೆಕ್ಕಪತ್ರ ಬೇರೆ, ಬೈಲಾ ತಿದ್ದುಪಡಿ 9, ಠರಾವು 46. ಇರೋದು ಮೂರು ದಿನ. ಅದರಲ್ಲಿ ಧ್ವಜಾರೋಹಣ, ಉದ್ಘಾಟನೆ, ಅತಿಥಿಗಳ ಶುಭಾಶಯ ಅಂತ ಮೊದಲ ದಿನ ಮಧ್ಯಾಹ್ನದವರೆಗೂ ಹೋಯ್ತು. ವರದಿ, ಲೆಕ್ಕ, ಚುನಾವಣೆ ಕಳೆದರೆ ಒಂದೊಂದು ಠರಾವಿಗೆ ಏಳೆಂಟು ನಿಮಿಷ.

ನಮ್ಮ ಘಟಕದ ಠರಾವು 31ನೇದು. ವೇತನ ಒಪ್ಪಂದಕ್ಕೆ ಸಹಿ ಹಾಕೋ ಮೊದಲು ಕರಡನ್ನು ಸದಸ್ಯರ ಮುಂದಿಟ್ಟು ಗುಪ್ತ ಮತದಾನ ಮಾಡಿಸಬೇಕು ಅಂತ. ಹೋದ ಸಲದ ಒಪ್ಪಂದದ ವಿಷಯ ನಮಗೆ ಗೊತ್ತಾಗಿದ್ದೇ ಸಹಿ ಆದ ಮೇಲೆ, ನೋಟಿಸ್ ಬೋರ್ಡ್‌ನಲ್ಲಿ. ಹಿರಿಯರೊಬ್ಬರಿಗೆ ತೋರಿಸಿದೆ. "31 ಅಂದ್ರೆ ಬರೋದೇ ಇಲ್ಲ ಬಿಡಮ್ಮ, ಮೂರನೇ ದಿನ ಎಲ್ಲಾ ಒಟ್ಟಿಗೆ ಸೇರಿಸಿ ಚಪ್ಪಾಳೆ ತಟ್ಟಿಸ್ತಾರೆ" ಅಂದ್ರು. ಹಾಗಿದ್ರೆ ನಾವು ಮೂರು ದಿನ ಹೋಗಿ ಮಾಡೋದಾದ್ರೂ ಏನು? ಅನುಭವ ಇರೋರು ಹೇಳಿ.

ಹಳೇ_ಖಜಾಂಚಿ

ಅಭಿನಂದನೆ ಕಣಮ್ಮ. ಐದು ಸಮ್ಮೇಳನ ನೋಡಿದೀನಿ. ಎರಡರಲ್ಲಿ ವೇದಿಕೆ ಮೇಲೆ, ಮೂರರಲ್ಲಿ ಕೆಳಗೆ. ಕೆಳಗೆ ಕೂತಾಗಲೇ ಜಾಸ್ತಿ ಕಲಿತಿದ್ದು.

ಬಹಳಷ್ಟು ಸಂಘಗಳ ಬೈಲಾದಲ್ಲಿ "ಸಮ್ಮೇಳನವೇ ಸಂಘದ ಪರಮೋಚ್ಚ ಸಂಸ್ಥೆ" ಅನ್ನೋ ಸಾಲು ಇರುತ್ತೆ. ಸುಳ್ಳಲ್ಲ. ಪದಾಧಿಕಾರಿಗಳನ್ನು ಆರಿಸೋದು, ಬೈಲಾ ತಿದ್ದೋದು, ಚಂದಾ ಏರಿಸೋದು, ಮುಂದಿನ ಅವಧಿಯ ಬೇಡಿಕೆ ಏನು ಅಂತ ಗೊತ್ತುಮಾಡೋದು ಎಲ್ಲಾ ಅಲ್ಲೇ. ಆದ್ರೆ ಆ ಪರಮೋಚ್ಚ ಸಂಸ್ಥೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಮೂರು ದಿನ ಎದ್ದು ಕೂರುತ್ತೆ, ಆಮೇಲೆ ಮಲಗುತ್ತೆ. ಉಳಿದ ಸಾವಿರ ದಿನ ಕಾರ್ಯಕಾರಿ ಸಮಿತಿ, ಪದಾಧಿಕಾರಿಗಳು, ಕಚೇರಿಯ ಪೂರ್ಣಾವಧಿ ಸಿಬ್ಬಂದಿ. ಹಾಗಾಗಿ ಮೂರು ದಿನದಲ್ಲಿ ನೀವು ಏನನ್ನು ಬರಹದಲ್ಲಿ ಕಟ್ಟಿಹಾಕ್ತೀರೋ ಅಷ್ಟೇ ನಿಮ್ಮದು.

ಎಲ್ಲರೂ ಚುನಾವಣೆ ದಿನಕ್ಕೆ ಕಾಯ್ತಾರೆ. ನನ್ನ ಕೇಳಿದ್ರೆ ಮೊದಲ ದಿನದ ಮೊದಲ ಅರ್ಧ ಗಂಟೆಯೇ ಎಲ್ಲಾ. "ಸಮ್ಮೇಳನ ನಡಾವಳಿ ನಿಯಮಗಳು" ಅಂತ ಒಂದೂವರೆ ಪುಟ ಓದ್ತಾರೆ. ಒಬ್ಬರಿಗೆ ಮಾತಿಗೆ ಎಷ್ಟು ನಿಮಿಷ, ತಿದ್ದುಪಡಿ ಎಷ್ಟು ಹೊತ್ತಿನೊಳಗೆ ಕೊಡಬೇಕು, ಎಷ್ಟು ಪ್ರತಿನಿಧಿಗಳು ಎದ್ದು ನಿಂತರೆ ಗುಪ್ತ ಮತದಾನ ಮಾಡಿಸಲೇಬೇಕು, ಠರಾವು ಸಮಿತಿ ತಿರಸ್ಕರಿಸಿದ ಠರಾವನ್ನು ಸಭೆ ವಾಪಸ್ ತರಬಹುದಾ, ಇದೆಲ್ಲಾ ಅದರಲ್ಲೇ ಇರುತ್ತೆ. ಆ ಹೊತ್ತಲ್ಲಿ ಅರ್ಧ ಜನ ಬ್ಯಾಗು, ಬ್ಯಾಡ್ಜು ತಗೊಳ್ಳೋ ಸಾಲಲ್ಲಿ ಇರ್ತಾರೆ. ಮೈಕಲ್ಲಿ "ಒಪ್ಪಿಗೆನಾ?" ಅಂತಾರೆ, ಮುಂದಿನ ಸಾಲು "ಒಪ್ಪಿಗೆ" ಅನ್ನುತ್ತೆ, ಮುಗೀತು. ಮೂರನೇ ದಿನ ನೀವು ಎದ್ದು ಗುಪ್ತ ಮತ ಕೇಳಿದಾಗ "ನಿಯಮದ ಪ್ರಕಾರ ಮೂರನೇ ಒಂದು ಭಾಗ ಬೇಕು, ನೀವೇ ಅಂಗೀಕರಿಸಿದ್ದೀರಲ್ಲ" ಅಂತಾರೆ. ಆ ಸಾಲಲ್ಲಿ ನಿಲ್ಲಬೇಡಿ. ಬ್ಯಾಗು ಎಲ್ಲಿಗೂ ಓಡಿಹೋಗಲ್ಲ.

ಪಾಳಿ_ಮೂರು

ಖಜಾಂಚಿ ಸಾರ್ ಒಳ್ಳೇದೇ ಹೇಳಿದ್ದಾರೆ, ಆದ್ರೆ ನನಗೆ ಈ ಸಮ್ಮೇಳನದ ವ್ಯವಸ್ಥೆ ಮೇಲೇ ನಂಬಿಕೆ ಹೋಗಿದೆ. ನಾನು ಹೋಗಿದ್ದು ಒಂದೇ ಸಲ. ಪದಾಧಿಕಾರಿಗಳ ಪಟ್ಟಿ (ಪ್ಯಾನೆಲ್) ಮೊದಲೇ ಟೈಪ್ ಆಗಿತ್ತು. ಸೂಚಕರು ಯಾರು, ಅನುಮೋದಕರು ಯಾರು ಅಂತ ಹೆಸರು ಸಮೇತ. ನಮ್ಮ ಪಕ್ಕದಲ್ಲಿ ಕೂತಿದ್ದ ಅನುಮೋದಕರಿಗೇ ತಾವು ಅನುಮೋದಕರು ಅಂತ ಗೊತ್ತಿರಲಿಲ್ಲ, ಹೆಸರು ಕರೆದಾಗ ಗಾಬರಿಯಾಗಿ ಎದ್ದು ನಿಂತ್ರು. "ಅವಿರೋಧ ಆಯ್ಕೆ", ಹಾರ, ಫೋಟೋ.

ನಾಯಕರನ್ನು ಸದಸ್ಯರೇ ನೇರವಾಗಿ ಆರಿಸಲಿ. ಒಬ್ಬ ಸದಸ್ಯ, ಒಂದು ಮತ. ಮಧ್ಯೆ ಈ ಪ್ರತಿನಿಧಿ ಅನ್ನೋ ಜರಡಿ ಯಾಕೆ? ಆರು ನೂರು ಜನರನ್ನು ಒಲಿಸಿಕೊಳ್ಳೋದು ಸುಲಭ. ಯಾರಿಗೆ ಸಮಿತಿ, ಯಾರಿಗೆ ಆನ್ ಡ್ಯೂಟಿ, ಯಾರಿಗೆ ಪೂರ್ಣಾವಧಿ ಹುದ್ದೆ ಅಂತ ತೋರಿಸಿದ್ರೆ ಸಾಕು. ಅರವತ್ತು ಸಾವಿರ ಜನರನ್ನು ಹಾಗೆ ಒಲಿಸೋಕೆ ಆಗಲ್ಲ.

ಓದುಗ_ಕಾರ್ಮಿಕ

ನೀವು ಹೇಳಿದ್ದೇ ವಾದ ಅಮೆರಿಕದ ಆಟೊ ಕಾರ್ಮಿಕರ ಸಂಘ ಯುಎಡಬ್ಲ್ಯುನಲ್ಲಿ ಎಪ್ಪತ್ತು ವರ್ಷ ನಡೆದಿದೆ. ವಾಲ್ಟರ್ ರೂಥರ್ ಅನ್ನೋ ಅಧ್ಯಕ್ಷರ ಕಾಲದಿಂದ ಶುರುವಾದ "ಅಡ್ಮಿನಿಸ್ಟ್ರೇಷನ್ ಕಾಕಸ್" ಅನ್ನೋ ಒಂದೇ ಗುಂಪು 1940ರ ದಶಕದ ಕೊನೆಯಿಂದ 2023ರವರೆಗೆ ಅಧ್ಯಕ್ಷ ಸ್ಥಾನ ಬಿಟ್ಟುಕೊಡಲಿಲ್ಲ. ಸಮ್ಮೇಳನ ಕ್ರಮವಾಗಿ ನಡೀತಿತ್ತು, ಪ್ರತಿನಿಧಿಗಳು ಬರ್ತಿದ್ರು, ಮತ ಹಾಕ್ತಿದ್ರು. ಹೊರನೋಟಕ್ಕೆ ಎಲ್ಲಾ ನಿಯಮದ ಪ್ರಕಾರವೇ ಇತ್ತು. ಆದ್ರೆ ಗುಂಪಿನ ಅಭ್ಯರ್ಥಿ ಯಾರು ಅನ್ನೋದು ಸಮ್ಮೇಳನಕ್ಕೆ ಮೊದಲೇ ತೀರ್ಮಾನವಾಗಿರ್ತಿತ್ತು. ಕೊನೆಗೆ ಇಬ್ಬರು ಮಾಜಿ ಅಧ್ಯಕ್ಷರು ಸಂಘದ ಹಣ ದುರ್ಬಳಕೆಯ ಪ್ರಕರಣದಲ್ಲಿ ಜೈಲಿಗೆ ಹೋದ ಮೇಲೆ, ನ್ಯಾಯಾಲಯದ ಉಸ್ತುವಾರಿ ಬಂದು, 2021ರಲ್ಲಿ ಸದಸ್ಯರ ಜನಮತ ಕೇಳಿದ್ರು. ಶೇ 63ಕ್ಕೂ ಹೆಚ್ಚು ಜನ ನೇರ ಚುನಾವಣೆ ಬೇಕು ಅಂದ್ರು. 2023ರ ಮಾರ್ಚ್‌ನಲ್ಲಿ ಹೊರಗಿನ ಗುಂಪಿನ ಶಾನ್ ಫೇನ್ ಅಧ್ಯಕ್ಷ ಸ್ಥಾನ ಗೆದ್ದಿದ್ದು 483 ಮತದಿಂದ.

ಟೀಮ್‌ಸ್ಟರ್ಸ್ ಲಾರಿ ಚಾಲಕರ ಸಂಘದಲ್ಲೂ ಹೀಗೇ. ಅಲ್ಲಿ 1989ರಲ್ಲಿ ಸರ್ಕಾರದ ಜೊತೆ ನ್ಯಾಯಾಲಯದ ಒಪ್ಪಂದ ಆಯ್ತು, 1991ರಲ್ಲಿ ಮೊದಲ ನೇರ ಚುನಾವಣೆ. ಗೆದ್ದಿದ್ದು ಹೊರಗಿನ ಗುಂಪಿನ ರಾನ್ ಕೇರಿ. ಹಳೇ ಪದ್ಧತಿಯ ಸಮ್ಮೇಳನದಲ್ಲಿ ಅವರು ಗೆಲ್ತಿರಲಿಲ್ಲ ಅನ್ನೋದು ನನ್ನ ಲೆಕ್ಕ. ಹಾಗಂತ ಅಲ್ಲಿ ಸಮ್ಮೇಳನ ನಿಂತಿಲ್ಲ. ಅಭ್ಯರ್ಥಿ ನಾಮಪತ್ರಕ್ಕೆ ಸಮ್ಮೇಳನದ ಶೇ 5ರಷ್ಟು ಪ್ರತಿನಿಧಿಗಳ ಬೆಂಬಲ ಬೇಕು, ಸಂಘದ ಸಂವಿಧಾನ ತಿದ್ದೋದು ಈಗಲೂ ಸಮ್ಮೇಳನವೇ.

ಬೈಲಾ_ಪ್ರಿಯ

@ಪಾಳಿ_ಮೂರು, ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದರೆ ಓದುಗರು ಹೇಳಿದ ಯುಎಡಬ್ಲ್ಯು ನೇರ ಚುನಾವಣೆಯ ಇನ್ನೊಂದು ಅಂಕಿ ನೋಡಿ. ಕೆಲಸದಲ್ಲಿರೋರು, ನಿವೃತ್ತರು ಸೇರಿ ಹತ್ತು ಲಕ್ಷದ ಆಸುಪಾಸು ಜನರಿಗೆ ಅಂಚೆಯಲ್ಲಿ ಮತಪತ್ರ ಹೋಗಿತ್ತು. ಕೊನೆಯ ಸುತ್ತಿನಲ್ಲಿ ಇಬ್ಬರಿಗೂ ಸೇರಿ ಬಿದ್ದಿದ್ದು 1 ಲಕ್ಷ 40 ಸಾವಿರದ ಹತ್ತಿರ. ನೂರಕ್ಕೆ ಎಂಬತ್ತೈದು ಜನ ಲಕೋಟೆ ಒಡೆಯಲೇ ಇಲ್ಲ. ನೇರ ಮತ ಬಂದ ಕೂಡಲೇ ಸದಸ್ಯರು ಎಚ್ಚೆತ್ತುಕೊಳ್ತಾರೆ ಅನ್ನೋದು ಆಸೆ, ಅಷ್ಟೇ.

ಇನ್ನೊಂದು. ಮನೆಗೆ ಬಂದ ಮತಪತ್ರಕ್ಕೆ ಹೌದು ಅಥವಾ ಇಲ್ಲ ಅನ್ನಬಹುದು. ತಿದ್ದೋಕಾಗಲ್ಲ. ಎದುರು ಕೂತವನ ಮಾತು ಕೇಳಿ ಮನಸ್ಸು ಬದಲಿಸೋಕಾಗಲ್ಲ. ಬೇರೆ ಊರಿನ ಬೇರೆ ಪಾಳಿಯ ಜನ ಒಂದೇ ಹಾಲ್‌ನಲ್ಲಿ ಕೂತಾಗ ಮಾತ್ರ "ಅರೆ, ನಿಮ್ಮಲ್ಲೂ ಹೀಗೇನಾ" ಅನ್ನೋದು ಹುಟ್ಟುತ್ತೆ. ನಾಯಕರ ಆಯ್ಕೆಗೆ ನೇರ ಮತ ಇರಲಿ, ನಾನೂ ಒಪ್ತೀನಿ. ನೀತಿ ಮಾಡೋಕೆ ಸಮ್ಮೇಳನವೇ ಬೇಕು.

ಕಾನೂನು ಎರಡನ್ನೂ ಒಪ್ಪಿದೆ ಅನ್ನೋದೂ ಗಮನಿಸಿ. ಅಮೆರಿಕದ 1959ರ ಕಾಯ್ದೆ ಪ್ರಕಾರ ರಾಷ್ಟ್ರಮಟ್ಟದ ಪದಾಧಿಕಾರಿಗಳ ಚುನಾವಣೆ ಐದು ವರ್ಷಕ್ಕೊಮ್ಮೆಯಾದ್ರೂ ಆಗಲೇಬೇಕು. ಸದಸ್ಯರ ಗುಪ್ತ ಮತದಿಂದಲಾದ್ರೂ ಸರಿ, ಸಮ್ಮೇಳನದಲ್ಲಾದ್ರೂ ಸರಿ. ಆದ್ರೆ ಸಮ್ಮೇಳನ ಅಂದ್ರೆ ಅಲ್ಲಿಗೆ ಬರೋ ಪ್ರತಿನಿಧಿಗಳನ್ನು ಗುಪ್ತ ಮತದಿಂದಲೇ ಆರಿಸಿರಬೇಕು. ಸ್ಥಳೀಯ ಘಟಕಕ್ಕೆ ಮೂರು ವರ್ಷದ ಮಿತಿ. ನಮ್ಮಲ್ಲಿ 1926ರ ಟ್ರೇಡ್ ಯೂನಿಯನ್ ಕಾಯ್ದೆ ಪದಾಧಿಕಾರಿಗಳನ್ನು ಹೇಗೆ ನೇಮಿಸಬೇಕು, ಹೇಗೆ ತೆಗೀಬೇಕು ಅನ್ನೋದನ್ನು ಸಂಘದ ನಿಯಮಾವಳಿಗೇ ಬಿಟ್ಟಿತ್ತು. ಅವಧಿ ಮೂರು ವರ್ಷ ಮೀರಬಾರದು ಅನ್ನೋ ಮಾತು ಸೇರಿದ್ದು 2001ರ ತಿದ್ದುಪಡಿಯಲ್ಲಿ. ಅಂದ್ರೆ ಎಪ್ಪತ್ತೈದು ವರ್ಷ ಆ ಮಿತಿಯೂ ಇರಲಿಲ್ಲ. ಬೈಲಾ ಓದಿ ಅಂತ ನಾನು ಎಲ್ಲರ ತಲೆ ತಿನ್ನೋದು ಇದಕ್ಕೇ. (ಹೌದು, ಹೆಸರಿಗೆ ತಕ್ಕ ಹಾಗೆ.)

ಗಿರಣಿ_ಮಂದಿ

ಅಕ್ಕಾರ, ನಮ್ಮ ಠರಾವಿನ ಕಥಿ ಒಂದೀಟು ಕೇಳ್ರಿ. ನಾವು ಬರದದ್ದು ಏನಂದ್ರ, ಗುತ್ತಿಗಿ ಕೆಲಸಗಾರರಿಗೆ ಪೂರ್ತಿ ಸದಸ್ಯತ್ವ ಕೊಡಬೇಕು, ಮತದ ಹಕ್ಕೂ ಕೊಡಬೇಕು, ಆರು ತಿಂಗಳದಾಗ ಕೊಡಬೇಕು. ಇಂಥಾವ ಏಳು ಘಟಕದಿಂದ ಬಂದಿದ್ವು. ಠರಾವು ಸಮಿತಿಯವ್ರು ಏಳೂ ಕೂಡಿಸಿ ಒಂದ ಮಾಡಿದ್ರು. ಅದು ತಪ್ಪಲ್ಲ ಬಿಡ್ರಿ, ಏಳು ಸಲ ಅದನ್ನ ಯಾರು ಮಾತಾಡ್ತಾರ. ಆದ್ರ ಹೊರಗ ಬಂದಾಗ ಹೆಂಗಿತ್ತು ಅಂದ್ರ: "ಗುತ್ತಿಗೆ ಕಾರ್ಮಿಕರ ಸಮಸ್ಯೆಗಳ ಬಗ್ಗೆ ಈ ಸಮ್ಮೇಳನವು ತೀವ್ರ ಕಳವಳ ವ್ಯಕ್ತಪಡಿಸುತ್ತದೆ ಹಾಗೂ ಸೂಕ್ತ ಕ್ರಮಗಳನ್ನು ಪರಿಶೀಲಿಸುವಂತೆ ಕಾರ್ಯಕಾರಿ ಸಮಿತಿಯನ್ನು ಕೋರುತ್ತದೆ."

ನೋಡ್ರಿ, "ಕೊಡಬೇಕು" ಅನ್ನೂದು "ಪರಿಶೀಲಿಸುವಂತೆ" ಆತು. "ಆರು ತಿಂಗಳು" ಕಾಣಸಲಿಲ್ಲ. ನಾವೂ ಕೈ ಎತ್ತಿದ್ವಿ, ಎಲ್ಲಾರೂ ಎತ್ತಿದ್ರು, ಸರ್ವಾನುಮತ. ಮನಿಗಿ ಬಂದು ಓದಿದ ಮ್ಯಾಲ ಗೊತ್ತಾತು. ಮೂರು ವರ್ಷ ಆತು, ಇನ್ನೂ ಪರಿಶೀಲನಾ ನಡದೈತಿ.

ಅದಕ್ಕ ನಿಮ್ಮ 31 ಯಾವುದರ ಜೋಡಿ ಕೂಡತೈತಿ ಮೊದಲ ನೋಡ್ರಿ, ಕೂಡಿಸಿದ ಮ್ಯಾಲೆ ಕ್ರಿಯಾಪದ ಏನ ಉಳದೈತಿ ಅದನ್ನ ನೋಡ್ರಿ. ವ್ಯಾಕರಣದಾಗ ಐತಿ ಎಲ್ಲಾ.

ಹಳೇ_ಖಜಾಂಚಿ

ಗಿರಣಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ವೇದಿಕೆ ಮೇಲೆ ಇದ್ದಾಗ ಇಂಥಾ ವಾಕ್ಯ ನಾನೂ ಬರೆದಿದ್ದೀನಿ, ಪಾಪ ಒಪ್ಕೊಳ್ತೀನಿ. ರಾತ್ರಿ ಹನ್ನೊಂದಕ್ಕೆ ಹದಿನೆಂಟು ಠರಾವು ಮುಂದೆ ಇರುತ್ತೆ, ಒಬ್ಬರಿಗೂ ನೋವಾಗಬಾರದು ಅನ್ನೋ ಆಸೆ ಇರುತ್ತೆ, ಆಗ ಬರೋ ಪದ "ಪರಿಶೀಲಿಸುವುದು". ಹಾಗಂತ ದುಷ್ಟತನ ಅಲ್ಲ ಎಲ್ಲಾ ಸಲ. ಕೆಲವು ಸಲ.

ಠರಾವು ಒಟ್ಟುಗೂಡಿಸೋ ಪದ್ಧತಿ ದೊಡ್ಡ ಸಂಘಗಳಲ್ಲೆಲ್ಲಾ ಇದೆ. ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟ ಟಿಯುಸಿ 1868ರಿಂದ ನಡೀತಿದೆ, ಅಲ್ಲೂ ಒಂದೇ ವಿಷಯದ ಠರಾವುಗಳನ್ನು ಸೇರಿಸಿ ಒಂದು ಮಾಡ್ತಾರೆ. ಆದ್ರೆ ಸೇರಿಸೋ ಕೆಲಸಕ್ಕೆ ಆ ಠರಾವು ಕಳಿಸಿದವರನ್ನೇ ಕೂರಿಸಿಕೊಳ್ತಾರೆ. ನಿಮ್ಮ ಬೈಲಾದಲ್ಲಿ ಹಾಗಿದೆಯಾ ನೋಡಿ. ಇಲ್ಲದಿದ್ರೂ ಸಮಿತಿ ಕೂರೋ ಕೋಣೆ ಬಾಗಿಲಿಗೆ ಹೋಗಿ "ನಾನು 31ರ ಸೂಚಕಿ, ಒಳಗೆ ಕೂರ್ತೀನಿ" ಅನ್ನಿ. ಬೇಡ ಅಂದ್ರೆ ಬಾಗಿಲಲ್ಲೇ ನಿಂತಿರಿ. ಆಗ ಏನಾಗುತ್ತೆ ಗೊತ್ತಾ, ಟೀ ತರೋ ನೆಪದಲ್ಲಿ ಯಾರಾದ್ರೂ ಬಾಗಿಲು ತೆಗೀತಾರೆ. ಅನುಭವ.

ಇನ್ನು ಲೆಕ್ಕಪತ್ರ. ನಾನು ಖಜಾಂಚಿ, ಇದು ಹೇಳದೆ ಬಿಡಲ್ಲ. 140 ಪುಟದ ವರದಿ ಆಮೇಲೆ ಓದಿ, ಮೊದಲು ಲೆಕ್ಕ ಓದಿ. ಎರಡೇ ಕಡೆ ಬೆರಳಿಡಿ. ಒಂದು, ಸದಸ್ಯತ್ವದ ಸಂಖ್ಯೆ ಮತ್ತೆ ಜಮೆಯಾದ ಚಂದಾ ಹೊಂದುತ್ತಾ? ಪ್ರತಿನಿಧಿಗಳ ಸಂಖ್ಯೆ ನಿಗದಿ ಆಗೋದು ಚಂದಾ ಕಟ್ಟಿದ ಸದಸ್ಯತ್ವದ ಮೇಲೆ. ಕಾಗದದ ಮೇಲೆ ಸದಸ್ಯರು ಜಾಸ್ತಿ, ಜಮೆ ಕಡಿಮೆ ಅಂದ್ರೆ, ಯಾವುದೋ ಘಟಕ ಇಲ್ಲದ ಸದಸ್ಯರ ಹೆಸರಲ್ಲಿ ಪ್ರತಿನಿಧಿಗಳನ್ನು ಕಳಿಸ್ತಿದೆ ಅಂತ ಅರ್ಥ. ಇದನ್ನು ಹಿಡಿಯೋಕೆ ಅಂತಲೇ ಪ್ರತಿನಿಧಿಗಳ ಅರ್ಹತೆ ನೋಡೋ ರುಜುವಾತು ಸಮಿತಿ ಇರೋದು, ಆ ಸಮಿತಿಯ ವರದಿ ಓದುವಾಗ ಎಲ್ಲರೂ ಆಕಳಿಸ್ತಿರ್ತಾರೆ. ಎರಡು, ಮುಷ್ಕರ ನಿಧಿ. ಅದರಿಂದ ಬೇರೆ ಖರ್ಚಿಗೆ "ತಾತ್ಕಾಲಿಕ ವರ್ಗಾವಣೆ" ಆಗಿದ್ರೆ, ಯಾವಾಗ ವಾಪಸ್ ಅಂತ ಕೇಳಿ.

ಪಾಳಿ_ಮೂರು

ಲೆಕ್ಕ ಕೇಳಿದ್ರೆ "ಈ ಕಾಮ್ರೇಡ್ ಮ್ಯಾನೇಜ್‌ಮೆಂಟ್ ಭಾಷೆ ಮಾತಾಡ್ತಾರೆ" ಅಂತ ಒಬ್ಬರು ಎದ್ದು ನಿಲ್ತಾರೆ. ಅದಕ್ಕೇನು ಮಾಡ್ತೀರಿ ಸಾರ್?

ಹಳೇ_ಖಜಾಂಚಿ

ಮುಂದಿನ ಪುಟ ತಿರುಗಿಸಿ ಮುಂದಿನ ಪ್ರಶ್ನೆ ಕೇಳೋದು.

ಓದುಗ_ಕಾರ್ಮಿಕ

ಮೂರನೇ ದಿನದ ಬಗ್ಗೆ ಒಂದು ಕಥೆ. ಮತ್ತೆ ಯುಎಡಬ್ಲ್ಯು, ಬೇಜಾರು ಮಾಡ್ಕೋಬೇಡಿ. 2022ರ ಜುಲೈನಲ್ಲಿ ಡೆಟ್ರಾಯ್ಟ್‌ನಲ್ಲಿ ಸಮ್ಮೇಳನ. ಮುಷ್ಕರದ ಕಾಲದಲ್ಲಿ ಸದಸ್ಯರಿಗೆ ಕೊಡೋ ವಾರದ ಭತ್ಯೆ 400 ಡಾಲರ್ ಇತ್ತು, ಅದನ್ನು 500 ಮಾಡಬೇಕು ಅಂತ ಪ್ರತಿನಿಧಿಗಳು ಸಭೆಯಿಂದಲೇ ಎತ್ತಿ ಗೆಲ್ಲಿಸಿದ್ರು. ಆಡಳಿತ ಗುಂಪಿಗೆ ಸಭೆಯಲ್ಲಿ ಅಂಥಾ ಹಿನ್ನಡೆ ಆಗೋದೇ ಅಪರೂಪ. ಎಲ್ಲರೂ ಸಂಭ್ರಮಪಟ್ರು. ಕೊನೆಯ ದಿನ, ಎಷ್ಟೋ ಪ್ರತಿನಿಧಿಗಳು ಮನೆ ದಾರಿ ಹಿಡಿದ ಮೇಲೆ, ಅದೇ ವಿಷಯವನ್ನು ಮತ್ತೆ ಸಭೆ ಮುಂದೆ ತಂದು ವಾಪಸ್ 400ಕ್ಕೆ ಇಳಿಸಿದ್ರು. ನಿಯಮದ ಪ್ರಕಾರ ಎಲ್ಲಾ ಸರಿಯಾಗೇ ಇತ್ತು. ಮುಂದೆ 2023ರ ದೊಡ್ಡ ಮುಷ್ಕರದ ಹೊತ್ತಿಗೆ ಅದು 500 ಆಗಿತ್ತು ಅನ್ನೋದು ಬೇರೆ ಮಾತು.

ಹಾಗಾಗಿ ಮೇಡಂ, ವಾಪಸ್ ಟಿಕೆಟ್ ರಾತ್ರಿ ಗಾಡಿಗೆ ಮಾಡಿಸಿ. ಮಧ್ಯಾಹ್ನದ್ದು ಬೇಡ.

ನಿಮ್ಮ ಠರಾವಿನ ವಿಷಯಕ್ಕೇ ಬಂದ್ರೆ ಟೀಮ್‌ಸ್ಟರ್ಸ್‌ನಲ್ಲಿ ಒಪ್ಪಂದದ ಮೇಲೆ ಸದಸ್ಯರ ಮತದಾನ ಮೊದಲಿಂದ ಇತ್ತು. ಆದ್ರೆ ಸಂಘದ ಸಂವಿಧಾನದಲ್ಲಿ ಒಂದು ಕೊಂಡಿ: ಅರ್ಧಕ್ಕಿಂತ ಕಡಿಮೆ ಜನ ಮತ ಹಾಕಿದ್ರೆ, ಒಪ್ಪಂದ ತಿರಸ್ಕರಿಸೋಕೆ ಮೂರನೇ ಎರಡು ಭಾಗ ಬೇಕು. 2018ರಲ್ಲಿ ಯುಪಿಎಸ್ ಪಾರ್ಸೆಲ್ ಕಂಪನಿಯ ಒಪ್ಪಂದಕ್ಕೆ ಮತ ಹಾಕಿದವರಲ್ಲಿ ಶೇ 54 ಜನ ಬೇಡ ಅಂದ್ರು. ಆದ್ರೂ ಒಪ್ಪಂದ ಜಾರಿ ಆಯ್ತು. ಯಾಕಂದ್ರೆ ಮತದಾನ ಅರ್ಧ ಮುಟ್ಟಿರಲಿಲ್ಲ. ಆ ಸಿಟ್ಟು ಮೂರು ವರ್ಷ ಬೆಂದು 2021ರ ಸಮ್ಮೇಳನಕ್ಕೆ ಬಂತು, ಪ್ರತಿನಿಧಿಗಳು ಆ ನಿಯಮ ಕಿತ್ತುಹಾಕಿದ್ರು. @ಪಾಳಿ_ಮೂರು, ಸಮ್ಮೇಳನ ಏನು ಮಾಡಬಲ್ಲದು ಅಂತ ಕೇಳ್ತಿದ್ರಲ್ಲ, ಇದು.

ಪಾಳಿ_ಮೂರು

ಇದು ಗೊತ್ತಿರಲಿಲ್ಲ. ಸರಿ, ಅರ್ಧ ಅಂಕ ಕೊಟ್ಟೆ.

ಮೇಷ್ಟ್ರು_ಸಂಘದವ

ನನ್ನದು ಬೇರೆ ಪ್ರಶ್ನೆ. ಪ್ರತಿನಿಧಿ ಅಂದ್ರೆ ಯಾರು? ಘಟಕ ಹೇಳಿಕಳಿಸಿದ್ದನ್ನು ಹಾಗೇ ಒಪ್ಪಿಸೋ ಅಂಚೆಯವನಾ, ಅಥವಾ ತನ್ನ ಬುದ್ಧಿ ಬಳಸೋಕೆ ಅಧಿಕಾರ ಇರೋನಾ? "ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ" ಅಂತಾರಲ್ಲ. ಘಟಕ "ಚಂದಾ ಏರಿಕೆ ವಿರೋಧಿಸು" ಅಂತ ಕಳಿಸುತ್ತೆ. ಅಲ್ಲಿ ಹೋದ ಮೇಲೆ ಏರಿಕೆಯ ಅರ್ಧ ಮುಷ್ಕರ ನಿಧಿಗೆ ಅಂತ ತಿದ್ದುಪಡಿ ಬರುತ್ತೆ. ಘಟಕದ ಸಭೆಯಲ್ಲಿ ಇದು ಚರ್ಚೆಯೇ ಆಗಿಲ್ಲ. ಈಗ ಏನು ಮಾಡಬೇಕು?

ಕೆಲವು ದೇಶಗಳಲ್ಲಿ ಇದಕ್ಕೆ ಪೂರಾ ಬೇರೆ ಪದ್ಧತಿ ಇದೆ. ಟಿಯುಸಿಯಲ್ಲಿ ಕಾರ್ಡ್ ವೋಟ್ ಕೇಳಿದ್ರೆ, ಒಂದೊಂದು ಸಂಘದ ನಿಯೋಗ ತನ್ನ ಒಟ್ಟು ಸದಸ್ಯತ್ವದ ಲೆಕ್ಕದ ಕಾರ್ಡ್ ಎತ್ತುತ್ತೆ. ಹತ್ತು ಲಕ್ಷ ಸದಸ್ಯರಿದ್ರೆ ಒಂದೇ ಕೈಯಲ್ಲಿ ಹತ್ತು ಲಕ್ಷ ಮತ. ಆ ಹತ್ತು ಲಕ್ಷದಲ್ಲಿ ನಾಲ್ಕು ಲಕ್ಷ ಜನಕ್ಕೆ ಬೇರೆ ಅಭಿಪ್ರಾಯ ಇದ್ರೂ ಅದು ಲೆಕ್ಕಕ್ಕೆ ಬರಲ್ಲ. ನನಗೆ ಅದು ಸರಿ ಕಾಣಲ್ಲ.

ಬೈಲಾ_ಪ್ರಿಯ

ಮೇಷ್ಟ್ರೇ, ನಾನು ಪಾಲಿಸೋ ದಾರಿ ಹೇಳ್ತೀನಿ. ಘಟಕ ಸ್ಪಷ್ಟವಾಗಿ ತೀರ್ಮಾನಿಸಿ ಕಳಿಸಿದ್ದರ ಮೇಲೆ ಹಾಗೇ ಮತ ಹಾಕಬೇಕು, ನನಗೆ ಇಷ್ಟ ಇಲ್ಲದಿದ್ರೂ. ಅಲ್ಲಿ ಹೊಸದಾಗಿ ಹುಟ್ಟಿದ ವಿಷಯಕ್ಕೆ ನನ್ನ ಬುದ್ಧಿ. ಆದ್ರೆ ಎರಡಕ್ಕೂ ವಾಪಸ್ ಬಂದು ಲೆಕ್ಕ ಒಪ್ಪಿಸಬೇಕು, ಯಾವುದಕ್ಕೆ ಏನು ಅಂತ ಬರೆದಿಟ್ಟು. ಹೋಗುವಾಗ ಸಭೆ ಮಾಡೋ ಘಟಕಗಳು ಬಹಳ, ಬಂದ ಮೇಲೆ ಸಭೆ ಮಾಡೋ ಘಟಕ ನಾನು ನೋಡಿದ್ದು ಎರಡೋ ಮೂರೋ.

ಮುಖ್ಯ ಪ್ರಶ್ನೆಗಳಿಗೆ ಬಹುಮತದ ಮಟ್ಟವನ್ನೇ ಏರಿಸಿಟ್ಟ ಉದಾಹರಣೆ ನಮ್ಮ ಚರಿತ್ರೆಯಲ್ಲೂ ಇದೆ. 1920ರಲ್ಲಿ ಹುಟ್ಟಿದ ಅಖಿಲ ಭಾರತ ಕಾರ್ಮಿಕ ಸಂಘಗಳ ಒಕ್ಕೂಟ ಎಐಟಿಯುಸಿ 1929ರ ನಾಗಪುರ ಅಧಿವೇಶನದಲ್ಲಿ ಒಡೀತು. ಅಧ್ಯಕ್ಷತೆ ಜವಾಹರಲಾಲ್ ನೆಹರೂ ಅವರದು. ಸರ್ಕಾರ ನೇಮಿಸಿದ್ದ ಕಾರ್ಮಿಕ ಆಯೋಗವನ್ನು ಬಹಿಷ್ಕರಿಸಬೇಕು ಅನ್ನೋದೂ ಸೇರಿ ಕೆಲವು ಠರಾವು ಬಹುಮತದಿಂದ ಪಾಸಾದ ಮೇಲೆ ಎನ್. ಎಂ. ಜೋಶಿ, ವಿ. ವಿ. ಗಿರಿ ಮೊದಲಾದವರು ಹೊರನಡೆದು ಬೇರೆ ಒಕ್ಕೂಟ ಕಟ್ಟಿದ್ರು. ಮತ್ತೆ ಪೂರ್ತಿ ಒಂದಾಗೋಕೆ 1940 ಬೇಕಾಯ್ತು. ಒಂದಾಗುವಾಗ ಹಾಕಿಕೊಂಡ ಷರತ್ತು, ರಾಜಕೀಯ ಪ್ರಶ್ನೆಗಳಿಗೆ ಮುಕ್ಕಾಲು ಬಹುಮತ ಬೇಕು ಅಂತ. ಐವತ್ತೊಂದಕ್ಕೆ ನಲವತ್ತೊಂಬತ್ತು ಅಂತ ಗೆದ್ದು ಮನೆ ಒಡೆದುಕೊಂಡಿದ್ದರ ಪಾಠ ಅದು. ಹಾಗಂತ ಎಲ್ಲದಕ್ಕೂ ಮುಕ್ಕಾಲು ಅಂದ್ರೆ ಏನೂ ಬದಲಾಗಲ್ಲ, ಇದ್ದವರೇ ಇರ್ತಾರೆ.

ಎರಡನೇ_ಪಾಳಿ_ಅಮ್ಮ

ಎಲ್ಲಾ ಓದಿದೆ. ಹೇಳಬೇಕಾದ್ದು ಒಂದೇ. ಮೂರು ದಿನ ಮನೆ ಬಿಟ್ಟು ಬರೋಕೆ ಯಾರಿಗೆ ಆಗುತ್ತೋ ಅವರೇ ಪ್ರತಿನಿಧಿ ಆಗೋದು. ನಮ್ಮ ವಿಭಾಗದಲ್ಲಿ ಅರ್ಧಕ್ಕರ್ಧ ಹೆಂಗಸರು, ಹೋದ ಸಲ ಹೋದ ಎಂಟು ಜನರಲ್ಲಿ ಹೆಂಗಸರು ಇಬ್ಬರು. ಒಬ್ಬಳ ಮಗುವಿಗೆ ಹನ್ನೊಂದು ತಿಂಗಳು, ಅವಳು ಅರ್ಧ ಸಮ್ಮೇಳನ ಹಾಲ್ ಹೊರಗೆ ಮರದ ಕೆಳಗೆ ಕಳೆದಳು. ಮತಕ್ಕೆ ಹಾಕ್ತಾರೆ ಅಂದಾಗ ಓಡಿ ಬಂದು ಕೈ ಎತ್ತಿ ಮತ್ತೆ ಓಡೋಳು. ಶಿಶುಪಾಲನೆಗೆ ಒಂದು ಕೋಣೆ, ಸಂಬಳ ಕಡಿತ ಆದ್ರೆ ಸಂಘದಿಂದ ಭರ್ತಿ, ಇವೆರಡು ಬೈಲಾದಲ್ಲಿ ಬರೋವರೆಗೂ ನಿಮ್ಮ ಮುಕ್ಕಾಲು ಬಹುಮತ, ಕಾರ್ಡ್ ವೋಟ್ ಎಲ್ಲಾ ಯಾರದ್ದೋ ಮಾತು.

ಹೊಸ_ಪ್ರತಿನಿಧಿ

ಅಕ್ಕ, ಇದನ್ನ ಬರೆದಿಟ್ಟುಕೊಂಡೆ. ಬೈಲಾ ತಿದ್ದುಪಡಿ ಕೊಡೋ ಗಡುವು ಮುಗಿದಿದೆ, ಆದ್ರೆ ವರದಿ ಮೇಲಿನ ಚರ್ಚೆಯಲ್ಲಿ ಎತ್ತಬಹುದು ಅನ್ಸುತ್ತೆ.

ಓದುಗ_ಕಾರ್ಮಿಕ

ರಾಬರ್ಟ್ ಮಿಕೆಲ್ಸ್ 1911ರಲ್ಲೇ ಬರೆದಿದ್ದು ಇಲ್ಲಿ ನೆನಪಾಗುತ್ತೆ. ಜರ್ಮನಿಯ ಸಮಾಜವಾದಿ ಪಕ್ಷ, ಕಾರ್ಮಿಕ ಸಂಘಗಳನ್ನು ಹತ್ತಿರದಿಂದ ನೋಡಿ, ಎಷ್ಟೇ ಪ್ರಜಾಸತ್ತೆಯ ಸಂಘಟನೆ ಆದ್ರೂ ಕೊನೆಗೆ ಕೆಲವೇ ಜನರ ಕೈಗೆ ಸೇರುತ್ತೆ, ಅದು ಕಬ್ಬಿಣದ ನಿಯಮ ಅಂದ. ಕಾರಣ ಕೆಟ್ಟತನ ಅಲ್ಲ ಅಂತಾನೆ. ಕಡತ, ಪತ್ರಿಕೆ, ಭಾಷಣದ ರೂಢಿ, ಸಮಯ ಎಲ್ಲಾ ಕಚೇರಿಯಲ್ಲಿರೋರ ಹತ್ತಿರ. ಮೂರನೇ ಪಾಳಿ ಮುಗಿಸಿ ಬರೋನ ಹತ್ತಿರ ನಿದ್ದೆ.

ಇದಕ್ಕೆ ದೊಡ್ಡ ಅಪವಾದ ಅಂತ 1956ರಲ್ಲಿ ಲಿಪ್ಸೆಟ್, ಟ್ರೋ, ಕೋಲ್ಮನ್ ಅನ್ನೋ ಮೂವರು ಸಮಾಜಶಾಸ್ತ್ರಜ್ಞರು ತೋರಿಸಿದ್ದು ಅಮೆರಿಕದ ಅಚ್ಚುಮೊಳೆ ಜೋಡಿಸುವವರ ಸಂಘವನ್ನ. ಅಲ್ಲಿ ಸಂಘದೊಳಗೇ ಎರಡು ಖಾಯಂ ಪಕ್ಷ ಇದ್ವು. ಕುರ್ಚಿಯಲ್ಲಿ ಕೂತವರು ಸೋತು ಇಳಿಯೋದು ಅಲ್ಲಿ ಸಾಮಾನ್ಯ ಸಂಗತಿ, ಇಳಿದವರು ಮತ್ತೆ ಮೊಳೆ ಜೋಡಿಸೋ ಕೆಲಸಕ್ಕೆ ಹೋಗ್ತಿದ್ರು. ಅಲ್ಲಿ ಸೋತವನಿಗೆ ಬೀಳುವ ಎತ್ತರ ಕಡಿಮೆ ಇತ್ತು ಅನ್ನೋದೇ ನನಗೆ ಗುಟ್ಟು ಅನ್ಸೋದು. ನಾಯಕನ ಸಂಬಳಕ್ಕೂ ಕೆಲಸಗಾರನ ಸಂಬಳಕ್ಕೂ ದೊಡ್ಡ ಅಂತರ ಇರಲಿಲ್ಲ. ಅಮೆರಿಕದ್ದೇ ಯುಇ ಅನ್ನೋ ವಿದ್ಯುತ್ ಕಾರ್ಮಿಕರ ಸಂಘ, 1936ರಲ್ಲಿ ಹುಟ್ಟಿದ್ದು, ಪದಾಧಿಕಾರಿಗಳ ಸಂಬಳ ಆ ಉದ್ಯಮದ ಕೆಲಸಗಾರರ ಗರಿಷ್ಠ ಕೂಲಿ ಮೀರಬಾರದು ಅಂತ ಸಂವಿಧಾನದಲ್ಲೇ ಬರೆದುಕೊಂಡಿದೆ. ಅಚ್ಚುಮೊಳೆಯವರ ಸಂಘ ಈಗಿಲ್ಲ, 1987ರಲ್ಲಿ ದೂರಸಂಪರ್ಕ ಕಾರ್ಮಿಕರ ಸಂಘದಲ್ಲಿ ವಿಲೀನ ಆಯ್ತು. ಅದನ್ನು ಮುಗಿಸಿದ್ದು ಒಳಜಗಳ ಅಲ್ಲ, ಕಂಪ್ಯೂಟರ್.

ಗಿರಣಿ_ಮಂದಿ

ಎರಡ ಪಕ್ಷ ಬ್ಯಾಡ್ರಿ ಮಾರಾಯ್ರ, ನಮ್ಮಲ್ಲಿ ಈಗ ಐದ ಅದಾವು. ಮ್ಯಾನೇಜ್‌ಮೆಂಟ್‌ನವ್ರು ಐದೂ ಮಂದಿನ್ನ ಬ್ಯಾರೆ ಬ್ಯಾರೆ ಕರದು ಚಾ ಕುಡಸ್ತಾರ.

ಹೊಸ_ಪ್ರತಿನಿಧಿ (ಮೂರು ವಾರದ ನಂತರ)

ಹೋಗಿ ಬಂದೆ. ಏನಾಯ್ತು ಅಂತ ಬರೀತೀನಿ.

ಬ್ಯಾಗಿನ ಸಾಲಲ್ಲಿ ನಿಲ್ಲಲಿಲ್ಲ. ನಡಾವಳಿ ನಿಯಮ ಓದಿದಾಗ ಗುಪ್ತ ಮತಕ್ಕೆ ಮೂರನೇ ಒಂದು ಭಾಗ ಅಂತಲೇ ಇತ್ತು. ಖಜಾಂಚಿ ಸಾರ್, ನೀವು ಜ್ಯೋತಿಷ್ಯ ಹೇಳಬಹುದು. ಎದ್ದು ನಿಂತು ಹತ್ತರಲ್ಲಿ ಒಂದು ಭಾಗ ಅಂತ ತಿದ್ದುಪಡಿ ಕೊಟ್ಟೆ. ಕಾಲು ನಡುಗ್ತಿತ್ತು, ಮೈಕಿನ ಕಂಬ ಹಿಡ್ಕೊಂಡಿದ್ದೆ. ಸೋತೆ, ಭರ್ಜರಿಯಾಗಿ. ಆದ್ರೆ "ಎಣಿಕೆ ಕೇಳಿದ್ರೆ ಕೈ ಎಣಿಸಿ ಸಂಖ್ಯೆ ನಡಾವಳಿಯಲ್ಲಿ ಬರೀಬೇಕು" ಅಂತ ಇನ್ನೊಬ್ಬರು ಕೊಟ್ಟ ತಿದ್ದುಪಡಿಯನ್ನು ಅಧ್ಯಕ್ಷ ಮಂಡಳಿ ಒಪ್ಪಿಕೊಂಡಿತು. ಬಹುಶಃ ನನ್ನದನ್ನು ಸೋಲಿಸಿದ ಮುಲಾಜಿಗೆ.

31ನ್ನು ಇನ್ನು ಮೂರರ ಜೊತೆ ಸೇರಿಸಿದ್ರು. ಎರಡನೇ ರಾತ್ರಿ ಸಮಿತಿ ಕೋಣೆಗೆ ಹೋದೆ, ಒಳಗೆ ಬಿಟ್ರು. "ಗುಪ್ತ ಮತದಾನ ನಡೆಸಬೇಕು" ಅನ್ನೋದು "ಸದಸ್ಯರ ಅಭಿಪ್ರಾಯ ಪಡೆಯಬೇಕು" ಆಗಿತ್ತು. ಗಿರಣಿ ಅಣ್ಣ, ಆ ಕ್ರಿಯಾಪದ ನೋಡಿದ ಕೂಡಲೇ ನಿಮ್ಮ ನೆನಪಾಯ್ತು. ಒಂದು ಗಂಟೆ ವಾದ ಮಾಡಿದ್ರೂ ಬದಲಿಸಲಿಲ್ಲ. ಮೂರನೇ ದಿನ ಮಧ್ಯಾಹ್ನ 3.20ಕ್ಕೆ ಅದು ಸಭೆಗೆ ಬಂದಾಗ ಹಿಂದಿನ ಸಾಲುಗಳು ಖಾಲಿ. ಕುರ್ಚಿ ಮೇಲೆ ಬ್ಯಾಗು ಇತ್ತು, ಜನ ಇರಲಿಲ್ಲ. ಹಳೇ ಮಾತನ್ನೇ ವಾಪಸ್ ಹಾಕೋ ತಿದ್ದುಪಡಿ ಮಂಡಿಸಿದೆ. ಧ್ವನಿಮತದಲ್ಲಿ "ಇಲ್ಲ" ಜೋರಾಗಿತ್ತು. ಎಣಿಕೆ ಕೇಳಿದೆ. ಪರವಾಗಿ 212, ವಿರುದ್ಧ 187. ಇನ್ನೂರು ಚಿಲ್ಲರೆ ಜನ ಬಸ್ ಸ್ಟ್ಯಾಂಡಲ್ಲಿ.

ಕುಣಿದಾಡೋ ಮೊದಲೇ ವೇದಿಕೆಯಿಂದ ಇನ್ನೊಂದು ವಾಕ್ಯ ಸೇರಿತು: "ಮತದಾನದ ವಿಧಾನ ಮತ್ತು ಕನಿಷ್ಠ ಮತದಾನ ಪ್ರಮಾಣವನ್ನು ಕಾರ್ಯಕಾರಿ ಸಮಿತಿ ರೂಪಿಸುವುದು." ಅದೂ ಪಾಸಾಯ್ತು. ಸುಸ್ತಾಗಿತ್ತು, ನಾನು ಎಣಿಕೆ ಕೇಳಲಿಲ್ಲ. ಓದುಗರು ಹೇಳಿದ ಮೂರನೇ ಎರಡು ಭಾಗದ ಕೊಂಡಿ ನೆನಪಾಗಿದ್ದು ರಾತ್ರಿ ಗಾಡಿಯಲ್ಲಿ.

ಶಿಶುಪಾಲನೆ ವಿಷಯ ವರದಿ ಮೇಲೆ ಮಾತಾಡುವಾಗ ಎತ್ತಿದೆ. ಕಾರ್ಯದರ್ಶಿಗಳು ಉತ್ತರ ಕೊಡುವಾಗ "ಗಮನಿಸಲಾಗಿದೆ" ಅಂದ್ರು.

ಮೊನ್ನೆ ಪಾಳಿ ಬದಲಾಗೋ ಹೊತ್ತಲ್ಲಿ ಗೇಟ್ ಮೀಟಿಂಗ್ ಮಾಡಿ ಎಲ್ಲಾ ಒಪ್ಪಿಸಿದೆ. 31ರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಚಂದಾ ಏರಿಕೆಗೆ ಯಾಕೆ ಕೈ ಎತ್ತಿದೆ ಅಂತ ಇಪ್ಪತ್ತು ನಿಮಿಷ ತರಾಟೆಗೆ ತಗೊಂಡ್ರು. ಮೇಷ್ಟ್ರೇ, ನಿಮ್ಮ ಉದಾಹರಣೆಯೇ ನಡೀತು, ಅರ್ಧ ಮುಷ್ಕರ ನಿಧಿಗೆ ಅಂತ ತಿದ್ದುಪಡಿ ಬಂತು, ನಾನು ಪರ ಹಾಕಿದೆ. ಕಾರಣ ಹೇಳಿದೆ. ಕೆಲವರು ತಲೆಯಾಡಿಸಿದ್ರು. ಒಬ್ಬರು "ಮುಂದಿನ ಸಲ ನಿನ್ನ ಕಳಿಸೋದು ಡೌಟು" ಅಂದ್ರು, ನಗ್ತಾನೇ ಅಂದ್ರು, ಆದ್ರೆ ನಿಜವಾಗಿ ಅಂದ್ರು.

ಹಳೇ_ಖಜಾಂಚಿ

212, 187. ನಡಾವಳಿ ಪುಸ್ತಕದಲ್ಲಿ ಇದೇ ಸಂಖ್ಯೆ ಬಂದಿದೆಯಾ? ಪ್ರತಿ ತಗೊಂಡ್ಯಾ?

ಹೊಸ_ಪ್ರತಿನಿಧಿ

ಅಯ್ಯೋ. ಇಲ್ಲ ಸಾರ್. ನಾಳೆ ಬೆಳಿಗ್ಗೆ ಪಾಳಿ ಮುಗಿದ ಕೂಡಲೇ ಕಚೇರಿಗೆ ಹೋಗಿ ಅರ್ಜಿ ಕೊಡ್ತೀನಿ.

ಪಾಳಿ_ಮೂರು

ಎಷ್ಟೊತ್ತಿಗೆ? ನನ್ನದೂ ರಾತ್ರಿ ಪಾಳಿ, ನಮ್ಮ ಘಟಕದ ಪ್ರತಿ ನಾನೂ ಕೇಳಬೇಕು.